ಕಿತ್ತಳೆ ಹೋದ ದಿಕ್ಕು

ಕರವಸ್ತ್ರದ ಗಂಟು ಬಿಚ್ಚಿ ಆ ಕಿತ್ತಳೆ ಹಣ್ಣನ್ನು ಮೇಜಿನ ಮೇಲಿಟ್ಟ ಕೂಡಲೇ ಇನ್ಸ್‌ಪೆಕ್ಟರ್ ಮೂಗು ಮುಚ್ಚಿಕೊಂಡು ಕುರ್ಚಿಯನ್ನು ಹಿಂದಕ್ಕೆ ತಳ್ಳಿದರು. ಹಣ್ಣು ಅರ್ಧ ಕೊಳೆತಿತ್ತು. ಉಪ್ಪುನೀರಿನಲ್ಲಿ ನೆನೆದು ಸಿಪ್ಪೆ ಬಿಳಿಚಿಕೊಂಡಿತ್ತು. ಅದರ ಹೊಟ್ಟೆಯ ಸುತ್ತ ಬಳಿದಿದ್ದ ಕೆಂಪು ಬಣ್ಣದ ಪಟ್ಟೆ ಮಾತ್ರ ಎಳ್ಳಷ್ಟೂ ಮಾಸಿರಲಿಲ್ಲ.

"ಏನ್ ಮೇಡಂ ಇದು? ಈಗಷ್ಟೇ ಊಟ ಮಾಡಿದ್ದೀನಿ."

"ಸಾಕ್ಷಿ."

"ಇದಾ?"

"ಇದೇ. ನನ್ನ ತಂಗಿ ಪರವಾಗಿ ಒಂದು ಮಾತಾಡೋಕೆ ಇಡೀ ಊರಲ್ಲಿ ಯಾರೂ ಮುಂದೆ ಬರ್ಲಿಲ್ಲ. ಇದೊಂದು ಬಂದಿದೆ. ಸ್ವಲ್ಪ ಮರ್ಯಾದೆ ಕೊಟ್ಟು ಮಾತಾಡ್ಸಿ."

ಹೋದ ವಾರ ಹತ್ತನೇ ತರಗತಿಯ ಮಕ್ಕಳನ್ನು ಭೂಗೋಳದ ಅಧ್ಯಯನಕ್ಕೆಂದು ಕಡಲತೀರಕ್ಕೆ ಕರೆದೊಯ್ದಿದ್ದ ನನ್ನ ತಂಗಿ ವಾಪಸು ಬರುವಾಗ ಒಬ್ಬ ಹುಡುಗಿ ಕಡಿಮೆಯಿದ್ದಳು, ಅವಳ ಬ್ಯಾಗು ಮತ್ತು ಒಂದು ಬೂಟು ಬಂಡೆಗಳ ಸಂದಿಯಲ್ಲಿ ಸಿಕ್ಕಿದ್ದವು, ಹುಡುಗಿ ಮುಳುಗಿದಳೆಂದು ತೀರ್ಮಾನಿಸಿದ ಪೊಲೀಸರು ನಿರ್ಲಕ್ಷ್ಯದ ಆರೋಪ ಹೊರಿಸಿ ತಂಗಿಯನ್ನು ಒಳಗೆ ಕೂರಿಸಿದ್ದರು. ಪೊಲೀಸ್ ವಶದ ಅವಧಿ ಮುಗಿಯುತ್ತಿದ್ದು, ನಾಳೆ ಬೆಳಿಗ್ಗೆ ಅವಳನ್ನು ಮತ್ತೆ ಕೋರ್ಟಿಗೆ ಹಾಜರುಪಡಿಸುವವರಿದ್ದರು.

"ಎಲ್ಲಿ ಸಿಕ್ತು?" ಎಂದರು ಇನ್ಸ್‌ಪೆಕ್ಟರ್.

"ಬಲಗಡೆ ತುದೀಲಿ. ದೋಣಿ ರಿಪೇರಿ ಮಾಡೋ ಶೆಡ್ ಹತ್ರ ಹಳೇ ಬಲೆ ರಾಶಿ ಬಿದ್ದಿದೆ ನೋಡಿ, ಅದರೊಳಗೆ ಸಿಕ್ಕಿಹಾಕ್ಕೊಂಡಿತ್ತು. ಬ್ಯಾಗ್ ನಿಮಗೆ ಎಲ್ಲಿ ಸಿಕ್ತು?"

"ಎಡಗಡೆ ತುದಿ. ಬಂಡೆಗಳ ಹತ್ರ. ಅದಕ್ಕೇನೀಗ?"

"ನನ್ನ ತಂಗಿನ ಕರೆಸಿ. ಅವಳ ಬಾಯಿಂದಾನೇ ಕೇಳಿ."

ಈ ಇನ್ಸ್‌ಪೆಕ್ಟರ್ ಕೆಟ್ಟ ಮನುಷ್ಯರಲ್ಲ. ಊರಿಗೆಲ್ಲ ಒಂದೇ ಪತ್ತೇದಾರಿ ಕಚೇರಿ, ಅದೂ ಟೈಲರ್ ಅಂಗಡಿಯ ಮೇಲಿನ ಒಂದು ಕೋಣೆ, ಅದನ್ನು ನಡೆಸುವವಳು ಹೆಂಗಸು ಎಂಬ ಕಾರಣಕ್ಕೆ ಮೊದಮೊದಲು ನನ್ನನ್ನು ಕಂಡರೆ ನಗುತ್ತಿದ್ದರು. ಈಗ ನಿಟ್ಟುಸಿರು ಬಿಡುತ್ತಾರೆ. ನನ್ನ ಲೆಕ್ಕದಲ್ಲಿ ಅದು ಬಡ್ತಿಯೇ.

ತಂಗಿ ಬಂದಳು. ಸೆರಗಿನ ಅಂಚಿನಲ್ಲಿ ಇನ್ನೂ ಸೀಮೆಸುಣ್ಣದ ಕಲೆ ಇತ್ತು. ಕಣ್ಣು ಊದಿಕೊಂಡಿದ್ದವು. ಚಿಕ್ಕವಳಿದ್ದಾಗ ಬೆಕ್ಕಿನಮರಿ ಕಳೆದುಹೋಯಿತೆಂದು ಊಟ ಬಿಟ್ಟು ಅತ್ತವಳು ಇವಳು. ಅವಳನ್ನು ಆ ಸ್ಥಿತಿಯಲ್ಲಿ ನೋಡಿ ನನಗೆ ಸಿಟ್ಟು ಬಂತು. ಯಾರ ಮೇಲೆ ಸಿಟ್ಟೆಂದು ಮಾತ್ರ ಗೊತ್ತಾಗಲಿಲ್ಲ.

"ನಕ್ಷೆ ಸಿಕ್ಕಿದ್ಲಾ ಅಕ್ಕ?" ಇದೇ ಅವಳ ಮೊದಲ ಮಾತು. ಕಾಣೆಯಾದ ಹುಡುಗಿಯನ್ನು ಶಾಲೆಯಲ್ಲಿ ಎಲ್ಲರೂ ಕರೆಯುತ್ತಿದ್ದದ್ದೇ ಹಾಗೆ. ಪುಸ್ತಕ ನೋಡದೆ ಯಾವ ದೇಶದ ನಕ್ಷೆಯನ್ನಾದರೂ ಕಪ್ಪು ಹಲಗೆಯ ಮೇಲೆ ಬಿಡಿಸುವವಳು.

"ಹುಡುಕ್ತಿದ್ದೀನಿ ಪುಟ್ಟಿ. ನೀನು ಮೊದಲು ಇವರಿಗೆ ಈ ಕಿತ್ತಳೆ ಕಥೆ ಹೇಳು."

ಹಣ್ಣನ್ನು ನೋಡಿದವಳು ಆ ದುಃಖದಲ್ಲೂ ಸಣ್ಣಗೆ ನಕ್ಕಳು. "ಅಯ್ಯೋ, ಇದು ನಮ್ದೇ. ಕಡಲಿನ ನೀರು ದಡದ ಉದ್ದಕ್ಕೆ ಯಾವ ಕಡೆ ಹರೀತಿದೆ ಅಂತ ನೋಡೋಕೆ ಕಿತ್ತಳೆ ಎಸೀತೀವಿ ಸಾರ್. ಕಿತ್ತಳೆ ಪೂರ್ತಿ ಮುಳುಗೋದಿಲ್ಲ, ಪೂರ್ತಿ ಮೇಲೂ ಇರಲ್ಲ. ಗಾಳಿಗೆ ಸಿಕ್ಕಿ ಹಾರಿಹೋಗಲ್ಲ. ನೀರು ಹೋದ ಕಡೆ ತಾನೂ ಹೋಗುತ್ತೆ. ದೂರಕ್ಕೆ ಕಾಣ್ಲಿ ಅಂತ ಮಕ್ಕಳು ಬಣ್ಣ ಬಳಿದಿದ್ರು."

"ಎಲ್ಲಿಂದ ಎಸೆದ್ರಿ?"

"ಮಧ್ಯದಲ್ಲಿ ಕಲ್ಲಿನ ಗೋಡೆ ಇದೆಯಲ್ಲ, ನೀರೊಳಕ್ಕೆ ಚಾಚಿರೋದು, ಅದರ ತುದೀಲಿ ನಿಂತು. ನಕ್ಷೆನೂ ಅಲ್ಲೇ ಇದ್ಲು. ಮಧ್ಯಾಹ್ನ ಊಟ ಆದಮೇಲೆ ಕೈ ತೊಳೀತೀನಿ ಅಂತ ಮತ್ತೆ ಅದೇ ಗೋಡೆ ಕಡೆ ಹೋಗಿದ್ದನ್ನ ಎಲ್ಲರೂ ನೋಡಿದ್ದಾರೆ. ಆಮೇಲೆ..."

"ಕಿತ್ತಳೆ ಯಾವ ಕಡೆ ಹೋಯ್ತು?" ನಾನು ಬಿಡಲಿಲ್ಲ.

"ಅದೇ ತಮಾಷೆ ಆಗಿದ್ದು. ಕಡಲಿಗೆ ಮುಖ ಮಾಡಿ ನಿಂತ್ರೆ ನಮ್ಮ ತೀರದಲ್ಲಿ ನೀರು ಎಡಕ್ಕೆ ಹರಿಯುತ್ತೆ ಅಂತ ಪಾಠ ಇದೆ. ವರ್ಷ ಪೂರ್ತಿ ಹಾಗೇ ಹೇಳ್ಕೊಡ್ತೀವಿ, ಪರೀಕ್ಷೆಲೂ ಹಾಗೇ ಬರೀಬೇಕು. ಆ ವಾರ ಗಾಳಿ ತಿರುಗಿ ಬೀಸ್ತಾ ಇತ್ತು, ಅಲೆ ಬೇರೆ ಕಡೆಯಿಂದ ಬರ್ತಿತ್ತು. ಎಸೆದ ಕಿತ್ತಳೆ ಎಲ್ಲಾ ಬಲಕ್ಕೆ ಹೊರಟೋದ್ವು! ಮಕ್ಕಳು ಬಿದ್ದೂ ಬಿದ್ದೂ ನಕ್ರು. ‘ಮಿಸ್, ಕಿತ್ತಳೆ ಪಾಠ ಓದ್ಕೊಂಡು ಬಂದಿಲ್ಲ’ ಅಂದ್ಲು ನಕ್ಷೆ."

ನಾನು ಇನ್ಸ್‌ಪೆಕ್ಟರ್ ಮುಖ ನೋಡಿದೆ. ಅವರು ಹುಬ್ಬು ಗಂಟಿಕ್ಕಿಕೊಂಡು ಕಿತ್ತಳೆಯನ್ನೇ ನೋಡುತ್ತಿದ್ದರು.

"ಗಾಳಿ ಇವತ್ತಿಗೂ ವಾಪಸ್ ತಿರುಗಿಲ್ಲ" ಎಂದೆ. "ಬೆಳಿಗ್ಗೆ ನಾನೇ ಹೋಗಿ ಆ ಗೋಡೆ ತುದಿಯಿಂದ ಮರದ ತುಂಡು ಎಸೆದು ನೋಡ್ದೆ. ಅದೂ ಬಲಕ್ಕೇ ಹೋಯ್ತು. ಹುಡುಗಿ ಗೋಡೆ ಹತ್ರ ನೀರಿಗೆ ಬಿದ್ದಿದ್ರೆ ಅವಳ ಬ್ಯಾಗ್ ದೋಣಿ ಶೆಡ್ ಕಡೆಗೆ ಹೋಗಬೇಕಿತ್ತು. ಎಡಗಡೆ ಬಂಡೆ ಹತ್ರ ಹೇಗೆ ಬಂತು?"

"ಬ್ಯಾಗಿಗೇನು ಕಾಲು ಬಂತಾ ಹಾಗಾದ್ರೆ?"

"ಕಾಲು ಇರೋರು ಯಾರೋ ತಗೊಂಡು ಹೋಗಿ ಇಟ್ರು."

ತಂಗಿ ಕುರ್ಚಿಯ ತೋಳನ್ನು ಹಿಡಿದುಕೊಂಡಳು. "ಅಂದ್ರೆ ಅವಳು ನೀರಿಗೆ ಬೀಳ್ಲಿಲ್ವಾ ಅಕ್ಕ?"

ನಾನು ಕಿತ್ತಳೆಯನ್ನು ಮತ್ತೆ ಕರವಸ್ತ್ರದಲ್ಲಿ ಕಟ್ಟತೊಡಗಿದೆ. ಬ್ಯಾಗನ್ನು ಇಟ್ಟವರು ಅವಳನ್ನು ಏನು ಮಾಡಿದರೆಂಬುದು ನನಗೂ ಗೊತ್ತಿರಲಿಲ್ಲ. ತಂಗಿಗೆ ಸುಳ್ಳು ಧೈರ್ಯ ಹೇಳುವ ಅಭ್ಯಾಸ ನಾನು ಯಾವತ್ತೋ ಬಿಟ್ಟಿದ್ದೇನೆ, ಹೇಳಿದರೆ ಅವಳು ನಂಬುವುದೂ ಇಲ್ಲ.

ಇನ್ಸ್‌ಪೆಕ್ಟರ್ ಎದ್ದು ಕಿಟಕಿಯ ಬಳಿ ಹೋಗಿ ನಿಂತರು. "ನೋಡಿ ಮೇಡಂ, ನೀವು ಹೇಳೋದು ನನಗೆ ಅರ್ಥ ಆಗುತ್ತೆ. ಆದ್ರೆ ಕೋರ್ಟಲ್ಲಿ ಹೋಗಿ ಕೊಳೆತ ಕಿತ್ತಳೆ ಇಟ್ರೆ ನನ್ನ ಎತ್ತಿ ಆಚೆ ಹಾಕ್ತಾರೆ. ಇರೋ ಜನಾನೆಲ್ಲ ನೀರಿಗೆ ಇಳಿಸಿದ್ದೀನಿ. ದೋಣಿ, ಮುಳುಗು ಹಾಕೋರು, ಎಲ್ಲಾ. ಇಟ್ಟೋರು ಯಾರು ಅಂತ ಹಿಡ್ಕೊಂಡು ಬನ್ನಿ. ಅಲ್ಲೀವರೆಗೂ ಟೀಚರಮ್ಮ ಒಳಗೆ ಬೇಡ, ಈ ಕೋಣೆಲೇ ಫ್ಯಾನ್ ಕೆಳಗೆ ಕೂತಿರ್ಲಿ."

ಅಷ್ಟು ಮಾಡಿದ್ದಕ್ಕೆ ಅವರಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ. ಬಾಯಲ್ಲಿ ಹೇಳಿದರೆ ಉಬ್ಬಿಬಿಡುತ್ತಾರೆ.

ಹುಡುಗಿಯ ಚಿಕ್ಕಪ್ಪನ ಲಾಂಡ್ರಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿತ್ತು. ಹೋಟೆಲುಗಳ ಹಾಸಿಗೆ ಬಟ್ಟೆ, ಆಸ್ಪತ್ರೆಯ ಪರದೆ, ಮದುವೆ ಮಂಟಪದ ಮೇಜುಬಟ್ಟೆ, ಎಲ್ಲ ರಾಶಿರಾಶಿ ಬಿದ್ದಿದ್ದವು. ಒಳಗೆ ಕಾಲಿಟ್ಟರೆ ಕನ್ನಡಕ ಮಂಜಾಗುವಷ್ಟು ಹಬೆ.

ಚಿಕ್ಕಪ್ಪ ಇಸ್ತ್ರಿಪೆಟ್ಟಿಗೆ ಕೆಳಗಿಡಲೇ ಇಲ್ಲ. "ನಿಮ್ಮ ತಂಗಿನ ಸುಮ್ನೆ ಬಿಡೋದಿಲ್ಲ ನಾನು. ನಮ್ಮಣ್ಣ ಅತ್ತಿಗೆ ಹೋದಮೇಲೆ ಕಣ್ಣಲ್ಲಿ ಕಣ್ಣಿಟ್ಟು ಸಾಕಿದ್ದೀನಿ ಆ ಹುಡುಗಿನ."

"ಆ ದಿನ ನೀವು ಎಲ್ಲಿದ್ರಿ?"

"ಎಲ್ಲಿರ್ತೀನಿ? ಇಲ್ಲೇ. ಹುಡುಗಿ ಟೂರು ಅಂತ ಹೋದ್ಲು, ನನ್ನ ಹೆಂಡ್ತಿಗೆ ಅವತ್ತೇ ತಲೆನೋವು, ಮಲಗಿದ್ಲು. ಬಟ್ಟೆ ಎಲ್ಲಾ ನನ್ನ ತಲೆ ಮೇಲೆ ಬಿತ್ತು. ಬೇಕಿದ್ರೆ ಈ ಬೀದೀನ ಕೇಳಿ."

ಬೀದಿಯನ್ನು ನಾನು ಆಗಲೇ ಕೇಳಿಯಾಗಿತ್ತು. ಅವನು ಹೇಳಿದ್ದು ನಿಜ. ಅಂಗಡಿ ಬಿಟ್ಟು ಅವನು ಕದಲಿರಲಿಲ್ಲ. ಸುದ್ದಿ ತಿಳಿದ ಮೇಲೆ ಕಡಲಿಗೆ ಓಡಿದವನು, ಕಲ್ಲಿನ ಗೋಡೆಯ ಬುಡದಲ್ಲೇ ನಿಂತು "ಇಲ್ಲೇ ಬಿದ್ದಿದ್ದಾಳೆ, ಇಲ್ಲೇ ಹುಡುಕಿ" ಎಂದು ದೋಣಿಯವರ ಮೇಲೆ ಕೂಗಾಡಿದ್ದನಂತೆ. ನೀರು ಯಾವ ಕಡೆ ಹರಿದರೆ ಅವನಿಗೇನು?

ಮೂಲೆಯ ಇಸ್ತ್ರಿ ಮೇಜಿನ ಮುಂದೆ ಒಂದು ಗಿಡ್ಡ ಮಣೆ ಇತ್ತು. ಅದರ ಮೇಲೆ ಸಣ್ಣ ಪಾದಗಳೆರಡು ನಿಂತು ನಿಂತು ಸವೆದ ಗುರುತು. ಮೇಜು ಎಟುಕದ ವಯಸ್ಸಿನಿಂದ ಆ ಹುಡುಗಿ ಅಲ್ಲಿ ನಿಂತಿದ್ದಳೆಂದು ನೋಡಿದವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಕಣ್ಣಲ್ಲಿ ಕಣ್ಣಿಟ್ಟು ಸಾಕಿದ ಚಂದ ಅದು.

"ಓದು ಈ ವರ್ಷಕ್ಕೆ ಸಾಕು ಅಂದಿದ್ರಂತೆ?"

"ಅಂದೆ. ನಮ್ಮನೆ ಮಗು, ನಮ್ಮಿಷ್ಟ. ಭೂಪಟ ಬರ್ಕೊಂಡು ಕೂತ್ರೆ ಹೊಟ್ಟೆ ತುಂಬುತ್ತಾ?"

"ಅವಳ ತೋಳ ಮೇಲೆ ಸುಟ್ಟ ಗಾಯ ಇತ್ತಂತೆ?"

ಇಸ್ತ್ರಿಪೆಟ್ಟಿಗೆ ಬಟ್ಟೆಯ ಮೇಲೆ ನಿಂತುಬಿಟ್ಟಿತು. ಸೀದ ವಾಸನೆ ಎದ್ದ ಮೇಲೆ ಅವನು ಅದನ್ನೆತ್ತಿದ. "ಕೆಲಸ ಮಾಡೋರಿಗೆ ಕೈ ಸುಡುತ್ತೆ. ನಡೀರಿ ಆಚೆ."

ಬೀದಿಗಿಳಿದು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಹಿಂದಿನಿಂದ ಚಪ್ಪಲಿಯ ಸದ್ದಾಯಿತು. ಆ ಹುಡುಗಿಯ ಚಿಕ್ಕಮ್ಮ. ಅಂಗಡಿಯೊಳಗೆ ತಲೆಯೆತ್ತದೆ ಹಾಸಿಗೆ ಬಟ್ಟೆ ಮಡಿಸುತ್ತಿದ್ದವಳು.

"ನಿಮ್ಮ ಕರವಸ್ತ್ರ ಬಿಟ್ಬಂದ್ರಿ" ಎಂದು ನನ್ನದಲ್ಲದ ಕರವಸ್ತ್ರವೊಂದನ್ನು ನನ್ನ ಕೈಗೆ ತುರುಕಿದಳು. ಆಮೇಲೆ ತುಟಿ ಅಲುಗದ ಹಾಗೆ ಹೇಳಿದಳು, "ಆ ಮಗು ಸಿಕ್ಕಿದ್ರೆ ದಯವಿಟ್ಟು ಇಲ್ಲಿಗೆ ಕರ್ಕೊಂಡು ಬರಬೇಡಿ."

ನಾನು ಏನಾದರೂ ಕೇಳುವ ಮೊದಲೇ ಹಬೆಯೊಳಗೆ ಮಾಯವಾದಳು.

ಎದುರು ಅಂಗಡಿಯ ಬೆಂಚಿನ ಮೇಲೆ ಚಹಾ ತರಿಸಿಕೊಂಡು ಕೂತೆ. ನನ್ನ ತಲೆ ಓಡುವುದೇ ಚಹಾ ಒಳಗಿಳಿದ ಮೇಲೆ. ಇಷ್ಟು ಹೊತ್ತು ಆ ಹುಡುಗಿಗೆ ಕೇಡು ಬಯಸಿದವರು ಯಾರೆಂದು ಹುಡುಕುತ್ತಿದ್ದೆ. ಅವಳಿಗೆ ಒಳ್ಳೆಯದು ಬಯಸಿದವರು ಯಾರೆಂದು ನನ್ನನ್ನು ನಾನೇ ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಬ್ಯಾಗನ್ನು ಇಡುವವರ ಜಾಗದಲ್ಲಿ ನನ್ನನ್ನು ನಿಲ್ಲಿಸಿಕೊಂಡೆ. ಹುಡುಗಿ ಮುಳುಗಿದಳೆಂದು ಜನ ನಂಬಬೇಕು. ನಾನಾಗಿದ್ದರೆ ಬ್ಯಾಗನ್ನು ಗೋಡೆಯ ಪಕ್ಕದಲ್ಲೇ ಎಸೆದು ಹೋಗುತ್ತಿದ್ದೆ. ಅವಳನ್ನು ಕೊನೆಗೆ ನೋಡಿದ ಜಾಗ ಅದೇ ತಾನೆ? ಈ ಮನುಷ್ಯ ಹಾಗೆ ಮಾಡಲಿಲ್ಲ. ಬಂಡೆಗಳನ್ನು ಹತ್ತಿ ಇಳಿದು ಎಡತುದಿಯವರೆಗೆ ಹೋಗಿ, ಅಲೆ ಏರಿ ಬಂದು ಪಾಚಿ ಬಿಟ್ಟುಹೋದ ಗೆರೆಯ ಮೇಲೆ, ಕಡಲೇ ತಂದು ಹಾಕಿದ ಹಾಗೆ ಇಟ್ಟ.

ಯಾಕೆ ಅಷ್ಟು ಕಷ್ಟಪಡಬೇಕು? ನೀರು ವಸ್ತುಗಳನ್ನು ಎಡಕ್ಕೇ ಒಯ್ಯುತ್ತದೆಂದು ಅವನಿಗೆ ಖಂಡಿತ ಗೊತ್ತಿತ್ತು. ಅಷ್ಟು ಖಂಡಿತವಾಗಿ ಗೊತ್ತಿದ್ದದ್ದರಿಂದ ಕಣ್ಣೆದುರಿನ ನೀರನ್ನು ತಿರುಗಿಯೂ ನೋಡಲಿಲ್ಲ.

ದೋಣಿಯವರು ಈ ತಪ್ಪು ಮಾಡುವುದಿಲ್ಲ. ಅವರು ಬೆಳಿಗ್ಗೆ ಎದ್ದು ನೋಡುವುದೇ ನೀರನ್ನು. ಮಕ್ಕಳೂ ಮಾಡುವುದಿಲ್ಲ. ಕಿತ್ತಳೆ ಹೋದದ್ದನ್ನು ನೋಡಿ ನಕ್ಕವರು ಅವರು. ಬಸ್ಸಿನ ಡ್ರೈವರ್ ಇಡೀ ದಿನ ಸ್ಟೀರಿಂಗ್ ಮೇಲೆ ಕಾಲಿಟ್ಟು ಗೊರಕೆ ಹೊಡೆಯುತ್ತಿದ್ದ, ಅವನ ಅಂಗಾಲನ್ನು ಗುರುತಿಸಬಲ್ಲ ಸಾಕ್ಷಿಗಳೇ ಒಂದು ತರಗತಿಯಷ್ಟಿದ್ದಾರೆ. ಇದು ಪಾಠ ಕಲಿಸುವವರು ಮಾತ್ರ ಮಾಡಬಹುದಾದ ತಪ್ಪು. ಅದೂ ಆ ದಿನ ಬೆಳಿಗ್ಗೆ ತೀರದಲ್ಲಿ ಇಲ್ಲದವರು.

ಆ ಶಾಲೆಯಲ್ಲಿ ಭೂಗೋಳ ಕಲಿಸಿದವರು ಇಬ್ಬರೇ. ಒಬ್ಬಳು ನನ್ನ ತಂಗಿ. ಇನ್ನೊಬ್ಬರು ಅವಳಿಗೂ ನನಗೂ ಅದೇ ಪಾಠ ಹೇಳಿಕೊಟ್ಟ ದೊಡ್ಡ ಮೇಷ್ಟ್ರು, ಈಗ ಶಾಲೆಯ ಮುಖ್ಯೋಪಾಧ್ಯಾಯರು. ಪ್ರತಿ ವರ್ಷದಂತೆ ಈ ವರ್ಷವೂ ಮಕ್ಕಳನ್ನು ನೋಡಿಹೋಗಲು ಊಟದ ಹೊತ್ತಿಗೆ ತಮ್ಮ ಹಳೆಯ ಕಾರಿನಲ್ಲಿ ಬಂದು, ಸ್ವಲ್ಪ ಹೊತ್ತಿದ್ದು, ಹೊರಟುಹೋದವರು.

ಚಹಾದ ಲೋಟ ಕೆಳಗಿಟ್ಟೆ. ಬೇರೆ ಯಾರಾಗಿದ್ದರೂ ಖುಷಿಯಿಂದ ಓಡುತ್ತಿದ್ದೆ. ಇವರ ಮನೆಗೆ ಹೋಗಲು ಕಾಲೇ ಬರಲಿಲ್ಲ.

ದೊಡ್ಡ ಮೇಷ್ಟ್ರ ಮನೆಯ ಮುಂದಿನ ಕೋಣೆ ಹಾಗೆಯೇ ಇತ್ತು. ಮೂಲೆಯಲ್ಲಿ ಸುರುಳಿ ಸುತ್ತಿ ನಿಲ್ಲಿಸಿದ ಭೂಪಟಗಳು, ಕಪಾಟಿನ ಮೇಲೆ ಬಣ್ಣ ಮಾಸಿದ ಗೋಳ. ಮೇಷ್ಟ್ರು ಮಾತ್ರ ಒಂದೇ ವಾರದಲ್ಲಿ ಇಳಿದುಹೋಗಿದ್ದರು. ಅಂಗಿ ಮೈಮೇಲೆ ನೇತುಹಾಕಿದಂತಿತ್ತು.

"ಬಾಮ್ಮಾ. ಕೂತ್ಕೋ. ಪುಟ್ಟಿ ಹೇಗಿದ್ದಾಳೆ?"

"ನಾಳೆ ಕೋರ್ಟಿಗೆ ಕರ್ಕೊಂಡು ಹೋಗ್ತಾರೆ ಸಾರ್."

ಅವರ ಕೈ ಕುರ್ಚಿಯ ಬೆನ್ನನ್ನು ಹುಡುಕಿತು. "ನಾನು ದಿನಾ ಸ್ಟೇಷನ್ ವರೆಗೂ ಬರ್ತೀನಿ. ಮೆಟ್ಟಿಲು ಹತ್ತೋಕೆ ಆಗಲ್ಲ. ವಾಪಸ್ ಬಂದ್ಬಿಡ್ತೀನಿ."

"ಮಂಡಿನೋವಾ ಸಾರ್?"

ನಾನು ಚುಚ್ಚಬೇಕೆಂದೇ ಕೇಳಿದ್ದೆ. ಅವರು ನನ್ನ ಮುಖ ನೋಡಿದರು. ನನಗೇ ಕೆಡುಕೆನಿಸಿತು. ಆದರೂ ಪುಟ್ಟಿಯ ಊದಿದ ಕಣ್ಣು ನೆನಪಾಗಿ ಮನಸ್ಸು ಗಟ್ಟಿ ಮಾಡಿಕೊಂಡೆ.

"ಸಾರ್, ಒಂದು ಪ್ರಶ್ನೆ. ಆ ದಿನ ಮಕ್ಕಳು ಎಸೆದ ಕಿತ್ತಳೆ ಯಾವ ಕಡೆ ಹೋಯ್ತು?"

"ಎಡಕ್ಕೆ" ಎಂದರು ಥಟ್ಟನೆ. ಕೈ ತಾನಾಗಿಯೇ ಎಡಕ್ಕೆ ಚಾಚಿತ್ತು, ಹಿಂದೆ ತರಗತಿಯಲ್ಲಿ ಚಾಚುತ್ತಿದ್ದಂತೆ. "ಅದನ್ನೂ ಮರ್ತ್ಯಾ? ನಿಮ್ಮ ಬ್ಯಾಚಿಗೆ ಎಷ್ಟು ಸಲ ಬರೆಸಿಲ್ಲ ನಾನು?"

"ಮರ್ತಿಲ್ಲ ಸಾರ್. ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಎಡಕ್ಕೆ ಅಂತಾನೇ ಹೇಳ್ತೀನಿ. ಆದ್ರೆ ಆ ದಿನ ಬಲಕ್ಕೆ ಹೋಯ್ತು."

ಅವರ ಕೈ ಗಾಳಿಯಲ್ಲಿ ಹಾಗೆಯೇ ನಿಂತಿತು.

"ಗಾಳಿ ತಿರುಗಿತ್ತು. ಎಲ್ಲಾ ಕಿತ್ತಳೆನೂ ದೋಣಿ ಶೆಡ್ ಕಡೆ ಹೋದ್ವು. ಮಕ್ಕಳು ನೋಡಿದ್ದಾರೆ, ಪುಟ್ಟಿ ನೋಡಿದ್ದಾಳೆ. ನೋಡದೇ ಇದ್ದೋರು ನೀವೊಬ್ರೇ. ಬ್ಯಾಗ್ ಸಿಕ್ಕಿದ್ದು ನಿಮ್ಮ ಪಾಠದ ಪ್ರಕಾರ ಸಿಗಬೇಕಾದ ಜಾಗದಲ್ಲಿ."

ಮೇಷ್ಟ್ರು ನಿಧಾನವಾಗಿ ಕೂತರು. ಅಡಿಗೆಮನೆಯಲ್ಲಿ ನಲ್ಲಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅವರ ತುಟಿಯಂಚಿನಲ್ಲಿ ಒಂದು ವಿಚಿತ್ರ ನಗು ಬಂದು ಹೋಯಿತು.

"ನೀರನ್ನ ನೋಡಿ ಬರೀರಿ, ಪುಸ್ತಕ ನೋಡಿ ಅಲ್ಲ ಅಂತ ಜೀವಮಾನ ಪೂರ್ತಿ ಮಕ್ಕಳಿಗೆ ಬೈದೆ" ಎಂದರು. "ಒಂದು ದಿನ ಬಂತು ನೋಡು, ನಾನೇ ನೋಡ್ಲಿಲ್ಲ."

"ಹುಡುಗಿ ಎಲ್ಲಿ ಸಾರ್?"

"ಬದುಕಿದ್ದಾಳೆ. ಸುರಕ್ಷಿತವಾಗಿದ್ದಾಳೆ. ನಮ್ಮಕ್ಕನ ಮನೇಲಿ."

ನನ್ನ ಎದೆಯ ಮೇಲಿಂದ ಒಂದು ಚಪ್ಪಡಿ ಕಲ್ಲು ಇಳಿದಂತಾಯಿತು. ಅದರ ಹಿಂದೆಯೇ ಸಿಟ್ಟು ನುಗ್ಗಿ ಬಂತು.

"ಮತ್ತೆ ನನ್ನ ತಂಗಿ? ಅವಳು ಏನು ಪಾಪ ಮಾಡಿದ್ಲು?"

"ಕೂಗಬೇಡಮ್ಮ. ಕೇಳಿಸ್ಕೋ. ಆಮೇಲೆ ಬೇಕಾದ್ದು ಅನ್ನು."

ಅವರು ಹೇಳಿದರು. ಆ ಹುಡುಗಿಯ ತೋಳಿನ ಮೇಲಿನ ಸುಟ್ಟ ಗಾಯವನ್ನು ಮೊದಲು ನೋಡಿದವರು ಅವರು. ಚಿಕ್ಕಪ್ಪನನ್ನು ಶಾಲೆಗೆ ಕರೆಸಿ ಎಚ್ಚರಿಕೆ ಕೊಟ್ಟರು. ಅವನು ಕೈಮುಗಿದು, ತಪ್ಪಾಯಿತೆಂದು ಹೇಳಿಹೋದ. ಅಲ್ಲಿಂದ ಮುಂದೆ ಗಾಯಗಳು ಅಂಗಿಯ ಒಳಗೆ ಕಾಣದ ಕಡೆಗೆ ಸರಿದವು. ದೂರು ಕೊಡೋಣವೆಂದರೆ ಹುಡುಗಿಯೇ ಅವರ ಕಾಲು ಹಿಡಿದುಕೊಂಡಳಂತೆ. "ಕೊಟ್ರೆ ಆವತ್ತು ರಾತ್ರಿ ಅವರ ಜೊತೆ ಇರಬೇಕಾದವಳು ನಾನು ತಾನೆ ಸಾರ್?" ಎಂದಿದ್ದಳಂತೆ. ಪರೀಕ್ಷೆ ಮುಗಿದ ಮಾರನೇ ದಿನದಿಂದ ಲಾಂಡ್ರಿಯೇ ಗತಿ ಎಂದು ಚಿಕ್ಕಪ್ಪ ಹೇಳಿದ್ದ.

"ಓಡಿಹೋದ್ಲು ಅಂದ್ರೆ ಅವನು ಹುಡುಕ್ತಾನೆ. ಸತ್ತಳು ಅಂದ್ರೆ ಹುಡುಕಲ್ಲ. ಅಷ್ಟೇ ನನ್ನ ತಲೇಲಿ ಇದ್ದದ್ದು. ಊಟ ಆದಮೇಲೆ ಗೋಡೆ ಆಚೆ ಬದಿಯಿಂದ ಬಂದು ನನ್ನ ಕಾರಿನ ಹಿಂದಿನ ಸೀಟಲ್ಲಿ ಮಲಗಿದ್ಲು. ಅವಳ ಬೂಟು ತಗೊಂಡು ಹೊಸ ಚಪ್ಪಲಿ ಕೊಟ್ಟೆ. ನನಗೇನು ಅಳತೆ ಗೊತ್ತು, ದೊಡ್ಡದಾಯ್ತು. ಹಾಕ್ಕೊಂಡು ನಡೆಯೋಕೂ ಬರ್ತಿರ್ಲಿಲ್ಲ, ಪಾಪ. ಆದ್ರೂ ನಕ್ಕಳು. ಹೆದ್ದಾರೀಲಿ ಬಸ್ ಹತ್ತಿಸಿದೆ. ವಾಪಸ್ ಬಂದು ಬ್ಯಾಗು, ಒಂದು ಬೂಟು ಇಟ್ಟೆ."

"ಯಾರೂ ನಿಮ್ಮನ್ನ ನೋಡ್ಲಿಲ್ವಾ?"

"ಎಲ್ಲರೂ ನೋಡಿದ್ರು. ದೊಡ್ಡ ಮೇಷ್ಟ್ರು ಬಂಡೆ ಹತ್ತಿ ಕಲ್ಲು ಆರಿಸ್ತಿದ್ರೆ ಅದರಲ್ಲಿ ಯಾರಿಗೆ ಏನು ವಿಶೇಷ?"

ಅದೂ ನಿಜ. ನಾನೂ ನೋಡಿದ್ದರೆ ನಮಸ್ಕಾರ ಹೇಳಿ ಮುಂದೆ ಹೋಗುತ್ತಿದ್ದೆ.

"ಜವಾಬ್ದಾರಿ ಶಾಲೇದು, ಶಾಲೆ ಅಂದ್ರೆ ನಾನು ಅಂತ ಬರ್ಕೊಟ್ಟು, ನೌಕರಿ ಬಿಡೋಣ ಅಂತಿದ್ದೆ. ಬರ್ಕೊಟ್ಟೆ ಕೂಡ. ಅವರು ಅದನ್ನ ಪಕ್ಕಕ್ಕಿಟ್ಟು ನಿನ್ನ ತಂಗಿನ ಕರ್ಕೊಂಡು ಹೋದ್ರು. ಬಾಯಿ ಬಿಟ್ರೆ ಆ ಮಗು ವಾಪಸ್ ಇಸ್ತ್ರಿ ಮೇಜಿಗೆ. ಬಿಡದೇ ಇದ್ರೆ ಈ ಮಗು ಜೈಲಿಗೆ." ಅವರು ತಮ್ಮ ಅಂಗೈಗಳನ್ನು ನೋಡಿಕೊಂಡರು. "ಅನ್ನ ಸೇರಿಲ್ಲಮ್ಮ ನನಗೆ."

ಅವರಿಗೆ ಎರಡು ಮಾತು ಬಿರುಸಾಗಿ ಅನ್ನಬೇಕೆಂದೇ ಬಂದಿದ್ದೆ. ಬಾಯಿಗೆ ಬರಲಿಲ್ಲ. ಲಾಂಡ್ರಿಯ ಆ ಸವೆದ ಮಣೆಯನ್ನು ನೋಡದೆ ಬಂದಿದ್ದರೆ ಬರುತ್ತಿತ್ತೇನೋ. ನನ್ನ ತಂಗಿ ಹೊರಗೆ ಬರಬೇಕು, ಬರಲೇಬೇಕು. ಅದಕ್ಕಾಗಿ ಆ ಹುಡುಗಿಯನ್ನು ಹಬೆಯೊಳಗೆ ತಳ್ಳುವುದೂ ನನ್ನಿಂದಾಗದ ಕೆಲಸ.

"ಸಾರ್, ನಾಳೆ ಕೋರ್ಟಿಗೆ ಮುಂಚೆ ನೀವು ನನ್ನ ಜೊತೆ ಬಂದು ಇನ್ಸ್‌ಪೆಕ್ಟರ್ ಮುಂದೆ ಇದನ್ನೆಲ್ಲ ಹೇಳ್ತೀರ" ಎಂದೆ. "ಹುಡುಗಿ ಆ ಮನೆಗೆ ಹೋಗದ ಹಾಗೆ ನೋಡ್ಕೊಳ್ಳೋದು ನನ್ನ ಜವಾಬ್ದಾರಿ. ಅವಳ ಮೈಮೇಲಿನ ಗಾಯ ವೈದ್ಯರು ನೋಡ್ಲಿ. ಚಿಕ್ಕಮ್ಮನೂ ಬಾಯಿ ಬಿಡ್ತಾಳೆ, ನನಗೆ ನಂಬಿಕೆ ಇದೆ."

"ಮಾತು ಕೊಡ್ತೀಯಾ?"

"ಕೊಟ್ಟೆ."

ಅವರು ಕಣ್ಣೊರೆಸಿಕೊಂಡರು. "ಹೇಳ್ತೀನಿ. ಎಲ್ಲಾ ಹೇಳ್ತೀನಿ. ನನ್ನ ಏನು ಬೇಕಾದ್ರೂ ಮಾಡ್ಕೊಳ್ಳಿ."

"ಮೊದಲು ಅವಳ ದನಿ ಕೇಳಿಸಿ. ನಾನು ಪುಟ್ಟಿಗೆ ಹೋಗಿ ಹೇಳಬೇಕು, ನಕ್ಷೆ ಜೊತೆ ಮಾತಾಡ್ದೆ ಅಂತ. ಅವಳಿಗೆ ಅದಕ್ಕಿಂತ ದೊಡ್ಡ ಬಿಡುಗಡೆ ಇಲ್ಲ."

ಮೇಷ್ಟ್ರು ಹಿಂಜರಿದರು. "ಆ ದಿನದಿಂದ ಫೋನ್ ಮಾಡಿಲ್ಲ. ಪೊಲೀಸ್ನೋರು ಫೋನ್ ನೋಡ್ತಾರೆ, ನೀನೂ ಮಾಡಬೇಡ ಅಂತ ಅಕ್ಕನ ಹತ್ರ ಆಣೆ ಹಾಕಿಸ್ಕೊಂಡಿದ್ದೀನಿ."

"ಇನ್ನು ಮುಚ್ಚಿಡೋದೇನಿದೆ ಸಾರ್? ಮಾಡಿ."

ಫೋನನ್ನು ಮೇಜಿನ ಮೇಲಿಟ್ಟು, ನನಗೂ ಕೇಳುವಂತೆ ಸ್ಪೀಕರ್ ಹಾಕಿದರು. ಆ ಕ್ಷಣ ಅವರ ಮುಖದಲ್ಲಿ ವಾರದಿಂದ ಕಾಣೆಯಾಗಿದ್ದ ಬೆಳಕು ಬಂದಿತ್ತು. ಒಳ್ಳೆಯ ಸುದ್ದಿಯನ್ನು ತಾವೇ ಹೇಳುವ ಸಂತೋಷ.

"ಅಕ್ಕಾ, ನಾನು. ಮಗುನ ಕರಿ. ಮಾತಾಡಬೇಕು."

ಆ ಕಡೆಯಿಂದ ವಯಸ್ಸಾದ ದನಿ ಬಂತು. "ಯಾವ ಮಗುನೋ?"

"ಇದೇನಕ್ಕ? ಆ ಹುಡುಗಿನ. ಬಸ್ಸಲ್ಲಿ ಕಳಿಸಿದ್ನಲ್ಲ."

"ಅವಳು ಇಲ್ಲಿಗೆ ಬರ್ಲೇ ಇಲ್ವಲ್ಲೋ. ನಾನು ಬಸ್‌ಸ್ಟ್ಯಾಂಡಲ್ಲೇ ನಿಂತಿದ್ದೆ. ಎಲ್ಲರೂ ಇಳಿದ್ರು, ಅವಳಿಲ್ಲ. ಕಂಡಕ್ಟರ್‌ನ ಕೇಳಿದ್ರೆ, ದೊಡ್ಡ ಚಪ್ಪಲಿ ಹುಡುಗಿನಾ, ಅವಳನ್ನ ದಾರೀಲೇ ಇಳಿಸ್ಕೊಂಡ್ರಲ್ಲಾ ಅಂದ. ಯಾರೋ ಹೆಂಗಸು ಬಸ್ ನಿಲ್ಲಿಸಿ, ನಾನು ಮೇಷ್ಟ್ರ ಅಕ್ಕ, ಮೇಷ್ಟ್ರೇ ಕಳಿಸಿದ್ದಾರೆ ಅಂದ್ಲಂತೆ. ಹುಡುಗಿ ಸುಮ್ನೆ ಎದ್ದು ಹೋದ್ಲಂತೆ. ನೀನೇ ಯಾರನ್ನೋ ಕಳಿಸಿ ಜಾಗ ಬದಲಾಯಿಸಿದ್ದೀಯ ಅಂದ್ಕೊಂಡೆ. ಫೋನ್ ಮಾಡಬೇಡ ಅಂತ ನೀನು ಆಣೆ ಬೇರೆ ಹಾಕಿಸ್ಕೊಂಡಿದ್ದೆ." ದನಿ ತಡವರಿಸಿತು. "ನೀನು ಕಳಿಸಿರ್ಲಿಲ್ವೇನೋ?"

ಮೇಷ್ಟ್ರು ಫೋನಿಗೆ ಬೆನ್ನು ಹಾಕಿ ಎದ್ದು ನಿಂತರು.

"ಸಾರ್, ಈ ವಿಷಯ ನಿಮ್ಮನ್ನ ಬಿಟ್ಟು ಯಾರಿಗೆ ಗೊತ್ತಿತ್ತು? ಯೋಚನೆ ಮಾಡಿ ಹೇಳಿ. ಒಬ್ಬರೇ ಒಬ್ಬರಿಗಾದ್ರೂ?"

ಅವರು ಕಿಟಕಿಯ ಕಡೆ ತಿರುಗಿದ್ದರು. ಅಷ್ಟು ದೂರದಿಂದ ಕಡಲು ಕಾಣುವುದಿಲ್ಲ, ಆದರೂ ಅದೇ ದಿಕ್ಕು.

"ಇರೋ ಪೊಲೀಸ್ನೋರೆಲ್ಲ ನೀರಲ್ಲಿ ಹುಡುಕ್ತಿದ್ದಾರಮ್ಮ" ಎಂದರು. "ಅಲ್ಲಿ ಹುಡುಕಿ ಅಂತ ತೋರಿಸಿದ್ದು ನಾನೇ."